ಒಂದು ದೋಣಿ, ಒಂದು ಕತೆ: ಕತೆಯ ಅಂಗಗಳನ್ನು ಬರೆಯುತ್ತಲೇ ಕಲಿಯುವುದು ಹೇಗೆ

ಕಥಾವಸ್ತು, ಕಥಾಹಂದರ, ಪಾತ್ರ, ಸಂಘರ್ಷ, ದೃಷ್ಟಿಕೋನ, ಆವರಣ, ಧ್ವನಿ, ಸಂಕೇತ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಕನ್ನಡ ಓದಿದವರಿಗೆಲ್ಲ ಈ ಪದಗಳು ಗೊತ್ತು. ಐದು ಅಂಕದ ಟಿಪ್ಪಣಿ ಬರೆಯುವಷ್ಟಂತೂ ಗೊತ್ತು. ಆದರೆ ಒಂದು ಕತೆ ಬರೆಯೋಣ ಅಂತ ಹಾಳೆ ಮುಂದಿಟ್ಟುಕೊಂಡು ಕೂತಾಗ ಇವು ಒಂದೂ ಸಹಾಯಕ್ಕೆ ಬರುವುದಿಲ್ಲ. ಪರೀಕ್ಷೆಗೆ ಓದುವಾಗ ಇವನ್ನೆಲ್ಲ ಉತ್ತರ ಅಂತ ಬಾಯಿಪಾಠ ಮಾಡಿರುತ್ತೇವೆ. ಬರೆಯುವವರಿಗೆ ಇವು ಪ್ರಶ್ನೆಗಳು. ನಮ್ಮ ಕರಡನ್ನು ಎದುರಿಗಿಟ್ಟುಕೊಂಡು ನಾವೇ ಕೇಳಬೇಕಾದ ಪ್ರಶ್ನೆಗಳು.

ನಾನಿರುವುದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆ. ಕತೆ ಬರೆಯುವ ಆಸೆ ಇಟ್ಟುಕೊಂಡು ಬರುವ ಹುಡುಗ ಹುಡುಗಿಯರ ಜೊತೆ ಕೂತು ಅವರ ಕರಡು ಓದುವುದು ನನಗೆ ತುಂಬ ಇಷ್ಟ. ಅವರಿಗೆ ಹೇಳುವುದನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆಯುತ್ತೇನೆ. ಒಂದೇ ಒಂದು ಸಣ್ಣ ಘಟನೆ ತೆಗೆದುಕೊಳ್ಳೋಣ. ಒಂದೊಂದು ಪದ ಬಂದಾಗಲೂ ಅದೇ ಘಟನೆಯ ಮೇಲೆ ಅದನ್ನು ಪ್ರಯೋಗ ಮಾಡೋಣ. ನೀವೂ ಪೆನ್ನು ಹಿಡಿದುಕೊಂಡು ಓದಿ.

ಮೊದಲು: ಒಂದು ಘಟನೆ, ನಾಲ್ಕು ಸಾಲು

ಹೊಸಬರು ಸಾಮಾನ್ಯವಾಗಿ ದೊಡ್ಡ ವಿಷಯದಿಂದ ಶುರು ಮಾಡುತ್ತಾರೆ. "ಹೆಣ್ಣಿನ ಶೋಷಣೆ ಬಗ್ಗೆ ಬರೀತೇನೆ", "ಹಳ್ಳಿ ಖಾಲಿಯಾಗುವುದರ ಬಗ್ಗೆ ಬರೀತೇನೆ" ಅಂತ. ವಿಷಯ ಒಳ್ಳೆಯದೇ. ಆದರೆ ಅಲ್ಲಿಂದ ಹೊರಟರೆ ಭಾಷಣ ಬರುತ್ತದೆ, ಕತೆ ಬರುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಒಂದು ಘಟನೆಯಿಂದ ಶುರು ಮಾಡಿ. ಅದು ನಾಲ್ಕು ಸಾಲಿಗಿಂತ ಜಾಸ್ತಿ ಇರಬಾರದು. ನಾನು ಕಲ್ಪಿಸಿಕೊಂಡದ್ದು ಇದು:

ಅಘನಾಶಿನಿ ಊರಿನ ಧಕ್ಕೆ. ತದಡಿಗೆ ಹೋಗುವ ಕೊನೆಯ ದೋಣಿ ಹೊರಡುವ ಹೊತ್ತು. ದೂರದಿಂದ ಒಬ್ಬ ಹೆಂಗಸು ಓಡಿ ಬರುತ್ತಿದ್ದಾಳೆ. ದೋಣಿಯವನು ಅವಳನ್ನು ನೋಡಿದ, ನೋಡಿಯೂ ದೋಣಿ ಬಿಟ್ಟ.

ಅಷ್ಟೇ. ಈ ಜಾಗ ಗೊತ್ತಿಲ್ಲದವರಿಗೆ ಒಂದು ಮಾತು. ಸಿರ್ಸಿಯ ಶಂಕರಹೊಂಡದಿಂದ ಹರಿದು ಬರುವ ಅಘನಾಶಿನಿ ನದಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಅಳಿವೆಯ ತೆಂಕು ದಡದಲ್ಲಿ ಅಘನಾಶಿನಿ ಊರು, ಬಡಗು ದಡದಲ್ಲಿ ತದಡಿ. ನೀರಿನ ಮೇಲೆ ಹೋದರೆ ಇಲ್ಲಿಂದ ಅಲ್ಲಿಗೆ ಸ್ವಲ್ಪ ಹೊತ್ತಿನ ದಾರಿ. ದೋಣಿ ತಪ್ಪಿದರೆ ಕುಮಟೆಗೆ ವಾಪಸ್ ಹೋಗಿ, ಹೆದ್ದಾರಿ ಹಿಡಿದು ಮಿರ್ಜಾನ್ ದಾಟಿ, ಮಾದನಗೇರಿಯಲ್ಲಿ ತಿರುಗಿ, ಗೋಕರ್ಣದ ಮೇಲೆ ಸುತ್ತಿ ಬರಬೇಕು. ಅಂದರೆ ದೋಣಿಯವನು ಅವಳ ಒಂದು ಇಡೀ ಸಂಜೆಯನ್ನು ಕಿತ್ತುಕೊಂಡಿದ್ದಾನೆ.

ನೀವು ಘಟ್ಟದ ಮೇಲಿನವರಾದರೆ ದೋಣಿ ಬೇಡ. ಅಡಿಕೆ ಕೊನೆ ಕೊಯ್ಲಿನ ಕಾಲ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಕೇರಿಯ ಎಲ್ಲರ ತೋಟಕ್ಕೂ ಬಂದ, ಒಂದು ಮನೆಯ ತೋಟಕ್ಕೆ ಮಾತ್ರ ಬರಲಿಲ್ಲ ಅಂತ ಇಟ್ಟುಕೊಳ್ಳಿ. ನಿಮಗೆ ಗೊತ್ತಿರುವ ಜಾಗ, ಗೊತ್ತಿರುವ ಕೆಲಸ ಆಗಿದ್ದರೆ ಸಾಕು.

ಎರಡನೆಯದು: ಯಾಕೆ ಅಂತ ಕೇಳಿ, ಕಥಾಹಂದರ ಸಿಗುತ್ತದೆ

ಘಟನೆಗಳನ್ನು ಒಂದರ ಹಿಂದೆ ಒಂದು ಹೇಳಿಕೊಂಡು ಹೋದರೆ ಅದು ವರದಿ. ಅವುಗಳ ನಡುವೆ ಕಾರಣದ ಎಳೆ ಇದ್ದರೆ ಅದು ಕಥಾಹಂದರ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾಸ್ಟರ್ 1927ರಲ್ಲಿ ಇದನ್ನು ಬಹಳ ಸರಳವಾಗಿ ಹೇಳಿದ್ದ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಬರೀ ಕತೆ. ರಾಜ ಸತ್ತ, ಆ ದುಃಖದಲ್ಲಿ ರಾಣಿ ಸತ್ತಳು ಅಂದರೆ ಹಂದರ. "ಆಮೇಲೆ" ಅನ್ನುವ ಜಾಗದಲ್ಲಿ "ಅದಕ್ಕೇ" ಅಂತ ಹಾಕಲು ಬರುತ್ತದಾ ನೋಡಿ. ನಿಮ್ಮ ಕರಡಿನ ಪ್ರತಿ ಸನ್ನಿವೇಶದ ನಡುವೆಯೂ ಇದನ್ನು ಮಾಡಿ ನೋಡಬಹುದು.

ನಮ್ಮ ದೋಣಿಯವನ ಹೆಸರು ದೇವು. ಓಡಿ ಬಂದವಳು ನಾಗವೇಣಿ, ಅವನ ಅತ್ತಿಗೆ. ದೇವುವಿನ ಅಣ್ಣ ತೀರಿಕೊಂಡಿದ್ದಾನೆ. ಮನೆಗೆ ಒಂದಿಷ್ಟು ಗಜನಿ ಗದ್ದೆ ಇದೆ, ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ನಾಗವೇಣಿ ಪೌತಿ ಖಾತೆ ಮಾಡಿಸಲು, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಲು, ಕುಮಟೆಗೆ ಓಡಾಡುತ್ತಿದ್ದಾಳೆ. ತನ್ನನ್ನು ಬಿಟ್ಟು ಗದ್ದೆಯನ್ನೆಲ್ಲ ಅವಳ ಹೆಸರಿಗೆ ಮಾಡಿಸಿಕೊಳ್ಳುತ್ತಾಳೆ ಅನ್ನುವುದು ದೇವುವಿನ ಗುಮಾನಿ. ಅದಕ್ಕೇ ದೋಣಿ ಬಿಟ್ಟ.

ಈ "ಅದಕ್ಕೇ" ಬಂದ ಕೂಡಲೇ ನಾಲ್ಕು ಸಾಲಿನ ಘಟನೆಗೆ ಒಂದು ಹಿಂದೆ ಬಂತು, ಒಂದು ಮುಂದೆಯೂ ಬಂತು. ನಮ್ಮ ನಾಟ್ಯಶಾಸ್ತ್ರದ ಪರಂಪರೆ ಈ ಹಾದಿಯನ್ನು ಐದು ಅವಸ್ಥೆ ಅಂತ ಹೆಸರಿಸಿದೆ: ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಒಬ್ಬರಿಗೆ ಏನೋ ಬೇಕು ಅನ್ನಿಸುವುದು, ಅದಕ್ಕಾಗಿ ಹೊರಡುವುದು, ಸಿಗಬಹುದು ಅನ್ನುವ ಆಸೆ, ಅಡ್ಡಿ ಕಳೆದು ಸಿಕ್ಕೇ ಸಿಗುತ್ತದೆ ಅನ್ನುವ ಘಟ್ಟ, ಸಿಗುವುದು. ಜರ್ಮನಿಯ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ನಾಟಕಕ್ಕೆ ಬೇರೆ ರೀತಿಯ ಐದು ಭಾಗ ಮಾಡಿದ. ಏರಿ, ತುದಿ ಮುಟ್ಟಿ, ಇಳಿಯುವ ಚಿತ್ರ ಅದು. ಎರಡನ್ನೂ ತಿಳಿದುಕೊಳ್ಳಿ. ಆದರೆ ಸಣ್ಣ ಕತೆ ಬರೆಯುವಾಗ ಐದೂ ಭಾಗ ತುಂಬಲು ಹೋಗಬೇಡಿ. ಸಣ್ಣ ಕತೆ ಮಧ್ಯದಲ್ಲೇ ಶುರುವಾಗಬಹುದು, ಫಲಾಗಮಕ್ಕೆ ಮುಂಚೆಯೇ ನಿಲ್ಲಬಹುದು. ನಮ್ಮದಂತೂ ದೋಣಿಯ ಹಗ್ಗ ಬಿಚ್ಚುವಲ್ಲಿ ಶುರುವಾಗಲಿ. ಅಣ್ಣನ ಸಾವಿನಿಂದ ಶುರು ಮಾಡಿದರೆ ದೋಣಿಗೆ ಬರುವಷ್ಟರಲ್ಲಿ ಓದುವವರಿಗೆ ಸುಸ್ತಾಗಿರುತ್ತದೆ.

ಮೂರನೆಯದು: ಪಾತ್ರಕ್ಕೆ ಏನು ಬೇಕು, ಯಾವುದು ಅಡ್ಡ ಬಂದಿದೆ

ಪಾತ್ರ ಅಂದರೆ ವಯಸ್ಸು, ಬಣ್ಣ, ಎತ್ತರ ಅಲ್ಲ. ಅವರಿಗೆ ಏನು ಬೇಕು ಅನ್ನುವುದೇ ಮುಖ್ಯ. ನಾಗವೇಣಿಗೆ ಪಹಣಿಯಲ್ಲಿ ಹೆಸರು ಬೇಕು. ದೇವುವಿಗೆ ಗದ್ದೆ ಕೈಬಿಡಬಾರದು. ಇದು ಹೊರಗಿನ ಸಂಘರ್ಷ. ಇದೊಂದೇ ಆದರೆ ಸಾಲದು. ದೇವುವಿಗೆ ಗದ್ದೆಯ ಜೊತೆ ಇನ್ನೊಂದೂ ಬೇಕು: ಊರಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳಬೇಕು. ದೋಣಿ ಬಿಟ್ಟ ಗಳಿಗೆಯಲ್ಲಿ ಈ ಎರಡು ಆಸೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇದು ಒಳಗಿನ ಸಂಘರ್ಷ, ಕತೆ ಹುಟ್ಟುವುದು ಇಲ್ಲಿ.

ಒಂದು ಅಭ್ಯಾಸ ಮಾಡಿ. ನಿಮ್ಮ ಮುಖ್ಯ ಪಾತ್ರ ಯಾರ ಎದುರಿಗೂ ಬಾಯಿ ಬಿಟ್ಟು ಹೇಳದ ಒಂದು ಆಸೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಅದನ್ನು ಕತೆಯಲ್ಲಿ ಹಾಕುವುದು ಬೇಡ. ಅದು ನಿಮಗೆ ಗೊತ್ತಿದ್ದರೆ ಪಾತ್ರ ತಾನಾಗಿ ಸರಿಯಾಗಿ ನಡೆದುಕೊಳ್ಳುತ್ತದೆ.

ನಾಲ್ಕನೆಯದು: ಯಾರು ನೋಡುತ್ತಿದ್ದಾರೆ

ಕತೆ ಬರೆಯುವಾಗ ಮಾಡುವ ತೀರ್ಮಾನಗಳಲ್ಲಿ ಇದೇ ಅತಿ ದೊಡ್ಡದು ಅಂತ ನನ್ನ ನಂಬಿಕೆ. ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ದೃಷ್ಟಿಕೋನ ಅಂದರೆ ಯಾರ ಕಣ್ಣಿನಿಂದ ಓದುಗರು ಘಟನೆಯನ್ನು ನೋಡುತ್ತಾರೆ ಅನ್ನುವುದು. "ನಾನು" ಅಂತ ಹೇಳಿದರೆ ಉತ್ತಮ ಪುರುಷ. "ಅವನು, ಅವಳು" ಅಂದರೆ ಪ್ರಥಮ ಪುರುಷ. ಅವನು ಅಂತ ಬರೆದರೂ ಒಬ್ಬನ ತಲೆಯೊಳಗೆ ಮಾತ್ರ ಇದ್ದರೆ ಅದು ಸೀಮಿತ ದೃಷ್ಟಿ. ಎಲ್ಲರ ಮನಸ್ಸಿನಲ್ಲೂ ಏನಿದೆ ಅಂತ ಹೇಳುವವನು ಸರ್ವಸಾಕ್ಷಿ ನಿರೂಪಕ. ನಮ್ಮ ಯಕ್ಷಗಾನದ ಭಾಗವತರು ಹೀಗೆ. ಅವರು ಪ್ರಸಂಗದ ಒಳಗಿನವರಲ್ಲ, ಆದರೆ ಯಾರಿಗೆ ಏನಾಗುತ್ತದೆ ಅಂತ ಎಲ್ಲ ಗೊತ್ತಿದ್ದು ಪದ್ಯದಲ್ಲಿ ಹೇಳುತ್ತಾರೆ. ವೇಷಧಾರಿ ತನ್ನ ಪಾತ್ರದ ಮಾತನ್ನಷ್ಟೇ ಆಡಬೇಕು.

ಈಗ ಅದೇ ಗಳಿಗೆಯನ್ನು ಮೂರು ಕಣ್ಣಿನಿಂದ ನೋಡಿ.

ದೇವುವಿನ ಕಡೆಯಿಂದ:

"ಇಂಜಿನ್ ಚಾಲೂ ಮಾಡುವಾಗ ದೇವು ಒಮ್ಮೆ ದಡದ ಕಡೆ ನೋಡಿದ. ಹಸಿರು ಸೀರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಆ ಕವರಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತು. ಮುಖ ತಿರುಗಿಸಿ ಹಗ್ಗ ಒಳಗೆಳೆದುಕೊಂಡ."

ನಾಗವೇಣಿಯ ಕಡೆಯಿಂದ:

"ದೋಣಿ ಇನ್ನೂ ದಡದಲ್ಲೇ ಇತ್ತು. ನಾಗವೇಣಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದಳು. ದೇವು ಈ ಕಡೆ ನೋಡಿದ ಹಾಗಾಯಿತು. ಸದ್ಯ, ನಿಲ್ಲಿಸುತ್ತಾನೆ ಅಂದುಕೊಂಡು ನಡಿಗೆ ನಿಧಾನ ಮಾಡಿದಳು. ಇಂಜಿನ್ನಿನ ಸದ್ದು ಜೋರಾಯಿತು."

ದೋಣಿಯಲ್ಲಿ ಕೂತ ಶಾಲೆ ಹುಡುಗನ ಬಾಯಲ್ಲಿ:

"ನಾನು ಹಿಂದಿನ ಹಲಗೆ ಮೇಲೆ ಕೂತಿದ್ದೆ. ದೇವಣ್ಣ, ಯಾರೋ ಬರ್ತಿದ್ದಾರೆ ಅಂದೆ. ಕೇಳಲಿಲ್ಲವೇನೋ ಅಂತ ಇನ್ನೊಂದು ಸಲ ಕೂಗಿದೆ. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಅವರವರ ಚೀಲ ನೋಡುತ್ತಿದ್ದರು."

ಘಟನೆ ಒಂದೇ, ಕತೆ ಮೂರು. ಮೊದಲನೆಯದು ತಪ್ಪು ಮಾಡುತ್ತಿರುವವನ ಕತೆ. "ಗೊತ್ತಿತ್ತು" ಅನ್ನುವ ಒಂದು ಶಬ್ದ ಅಲ್ಲಿ ಭಾರ ಹೊತ್ತಿದೆ, ಮುಂದೆ ಅದು ತಪ್ಪು ತಿಳಿವಳಿಕೆ ಅಂತ ತೋರಿಸಲು ಜಾಗ ಇದೆ. ಎರಡನೆಯದು ನಂಬಿಕೆ ಮುರಿಯುವ ಕತೆ. ಅವಳು ನಡಿಗೆ ನಿಧಾನ ಮಾಡಿದ್ದೇ ಅಲ್ಲಿ ಎದೆಗೆ ತಾಗುವ ಮಾತು, ಯಾಕೆಂದರೆ ನಂಬಿದವರು ಮಾತ್ರ ಓಡುವುದನ್ನು ನಿಲ್ಲಿಸುತ್ತಾರೆ. ಮೂರನೆಯದರಲ್ಲಿ ಹುಡುಗನಿಗೆ ಏನೂ ಗೊತ್ತಿಲ್ಲ, ಓದುಗರಿಗೆ ಗೊತ್ತಾಗುತ್ತದೆ. ಇಡೀ ದೋಣಿಗೆ ಈ ಜಗಳದ ವಿಷಯ ತಿಳಿದಿದೆ, ಯಾರೂ ಬಾಯಿ ಬಿಡುತ್ತಿಲ್ಲ. ಹೀಗೆ ಪಾತ್ರಕ್ಕಿಂತ ಓದುಗರಿಗೆ ಜಾಸ್ತಿ ಗೊತ್ತಾಗಿ ಹುಟ್ಟುವ ಪರಿಣಾಮವನ್ನು ನಾಟಕೀಯ ವ್ಯಂಗ್ಯ ಅನ್ನುತ್ತಾರೆ. ಮೂರನೆಯದನ್ನು ಆರಿಸಿದರೆ ಕತೆ ಇಬ್ಬರದ್ದಾಗಿ ಉಳಿಯುವುದಿಲ್ಲ, ಊರಿನದ್ದಾಗುತ್ತದೆ.

ಯಾವುದು ಸರಿ? ನಿಮ್ಮ ಘಟನೆಯನ್ನೂ ಹೀಗೆ ಮೂರು ಸಲ, ಐದೈದು ಸಾಲು ಬರೆಯಿರಿ. ಬರೆಯುತ್ತಾ ಬರೆಯುತ್ತಾ ಯಾವುದರಲ್ಲಿ ನಿಮಗೇ ಹೊಸದೊಂದು ಗೊತ್ತಾಯಿತೋ ಅದನ್ನು ಇಟ್ಟುಕೊಳ್ಳಿ. ನಾನು ಮುಂದೆ ದೇವುವಿನ ಕಣ್ಣನ್ನೇ ಹಿಡಿಯುತ್ತೇನೆ. ಒಮ್ಮೆ ಒಂದು ಕಣ್ಣು ಆರಿಸಿಕೊಂಡರೆ ಅದೇ ಸನ್ನಿವೇಶದ ನಡುವೆ ಬಿಡಬಾರದು. ದೇವುವಿನ ತಲೆಯೊಳಗೆ ಕೂತಿರುವಾಗ "ನಾಗವೇಣಿಗೆ ಬಹಳ ಬೇಜಾರಾಯಿತು" ಅಂತ ಬರೆಯುವ ಹಾಗಿಲ್ಲ. ಅವಳಿಗೆ ಬೇಜಾರಾದದ್ದು ಅವನಿಗೆ ಹೇಗೆ ಗೊತ್ತು? ಅವನಿಗೆ ಏನು ಕಂಡಿತೋ ಅದನ್ನಷ್ಟೇ ಬರೆಯಿರಿ.

ಐದನೆಯದು: ಆವರಣ

ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ತೊಂದರೆ ಇದೆ. ನಮ್ಮ ಊರುಗಳು ಚೆಂದ. ಹಾಗಾಗಿ ಕತೆ ಅಂದ ಕೂಡಲೇ ಹಸಿರು ಸಹ್ಯಾದ್ರಿ, ನೀಲಿ ಕಡಲು, ಬಂಗಾರದ ಸೂರ್ಯಾಸ್ತ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅವು ಪ್ರವಾಸಿಗರಿಗೆ ಕಾಣುವಂಥವು. ದೇವು ದಿನಾ ಆ ನೀರಿನ ಮೇಲೆ ದುಡಿಯುವವನು, ಅವನು ಸೂರ್ಯಾಸ್ತ ನೋಡಿ ಉದ್ಗಾರ ತೆಗೆಯುವುದಿಲ್ಲ. ಅವನು ನೋಡುವುದು ನೀರು ಏರುತ್ತಿದೆಯಾ ಇಳಿಯುತ್ತಿದೆಯಾ, ಗಾಳಿ ಯಾವ ಕಡೆ, ಡೀಸೆಲ್ ಎಷ್ಟಿದೆ ಅಂತ. ಆವರಣ ಅಂದರೆ ಪಾತ್ರದ ಗಮನಕ್ಕೆ ಬರುವ ಜಗತ್ತು.

ಭರತ ಇಳಿತದ ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಸಂಜೆ ಆರಕ್ಕೆ ತುಂಬು ಭರತ ಇದ್ದರೆ ನಾಳೆ ಏಳು ಗಂಟೆಯ ಹತ್ತಿರ. ನಿಮ್ಮ ಕತೆಯಲ್ಲಿ ಒಂದು ವಾರ ಬಿಟ್ಟು ಅದೇ ಸಂಜೆ ಆರಕ್ಕೆ ಮತ್ತೆ ತುಂಬು ಭರತ ಅಂತ ಬರೆದರೆ, ತದಡಿಯ ಓದುಗರೊಬ್ಬರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಒಂದು ವಾರಕ್ಕೆ ಅದು ಸುಮಾರು ಆರು ಗಂಟೆ ಸರಿದು, ಹೆಚ್ಚುಕಡಿಮೆ ಇಳಿತವೇ ಆಗಿರುತ್ತದೆ. ಇದನ್ನು ತಪ್ಪು ತಪ್ಪಿಸಲು ಮಾತ್ರ ನೆನಪಿಡಬೇಕಾಗಿಲ್ಲ, ಕತೆಗೂ ಬಳಸಬಹುದು. ದೋಣಿ ಬಿಟ್ಟ ಸಂಜೆ ಇಳಿತ ಜೋರಾಗಿತ್ತು ಅಂತಿಟ್ಟುಕೊಳ್ಳಿ. ಆಗ ದೇವುವಿಗೆ ಒಂದು ನೆಪ ಸಿಗುತ್ತದೆ: ನೀರು ಇಳಿಯುತ್ತಿತ್ತು, ತಡ ಮಾಡಿದರೆ ದೋಣಿ ಮರಳಿಗೆ ಕೂರುತ್ತಿತ್ತು. ತನಗೆ ತಾನೇ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸುಳ್ಳು ಯಾವುದಿದೆ? ಹೀಗೆ ಆವರಣ ಪಾತ್ರದ ಒಳಗೆ ಹೋಗಿ ಕೆಲಸ ಮಾಡಬೇಕು.

ಗದ್ದೆಯೂ ಹಾಗೇ. ಸುಮ್ನೆ "ಗದ್ದೆ" ಅಂದರೆ ಏನೂ ಕಾಣುವುದಿಲ್ಲ. ಗಜನಿ ಅಂದರೆ ಉಪ್ಪುನೀರು ಬರುವ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲು ಮುಗಿದ ಮೇಲೆ ಅದೇ ಜಾಗದಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸಿಗುತ್ತದೆ. ಅಂಚಿನಲ್ಲಿ ಕಾಂಡ್ಲಾ ಗಿಡ, ಇಳಿತಕ್ಕೆ ಕೆಸರಲ್ಲಿ ಬಳಚು ಚಿಪ್ಪು ಆರಿಸುವ ಹೆಂಗಸರು. ಇದರಲ್ಲಿ ಒಂದೋ ಎರಡೋ ವಿವರ ಕತೆಗೆ ಸಾಕು. ಎಲ್ಲ ಹಾಕಿದರೆ ಕೃಷಿ ಇಲಾಖೆಯ ಕೈಪಿಡಿಯಾಗುತ್ತದೆ.

ಆರನೆಯದು: ಭಾವನೆಯ ಹೆಸರು ಹೇಳಬೇಡಿ

"ತೋರಿಸಿ, ಹೇಳಬೇಡಿ" ಅನ್ನುವ ಮಾತನ್ನು ಬರವಣಿಗೆ ಕಲಿಸುವವರೆಲ್ಲ ಹೇಳುತ್ತಾರೆ. ಇದು ಹೊರಗಿನಿಂದ ಬಂದದ್ದು ಅಂದುಕೊಂಡವರು ಬಹಳ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದು ಯಾವತ್ತೋ ಇದೆ. ರಸವನ್ನೋ ಭಾವವನ್ನೋ ಅದರ ಹೆಸರು ಹಿಡಿದೇ ಹೇಳಿಬಿಡುವುದು ರಸದೋಷ ಅಂತ 11ನೇ ಶತಮಾನದ ಮಮ್ಮಟ ಪಟ್ಟಿ ಮಾಡಿದ್ದಾನೆ. "ಅವನಿಗೆ ಬಹಳ ದುಃಖವಾಯಿತು" ಅಂತ ಬರೆದರೆ ಓದುಗರಿಗೆ ಮಾಹಿತಿ ಸಿಕ್ಕಿತು, ದುಃಖ ಆಗಲಿಲ್ಲ.

ಹಾಗಾದರೆ ಏನು ಬರೆಯಬೇಕು? ನಾಟ್ಯಶಾಸ್ತ್ರದ ಭರತಮುನಿ ಅದಕ್ಕೂ ದಾರಿ ಹೇಳಿದ್ದಾನೆ. ವಿಭಾವ, ಅಂದರೆ ಭಾವನೆ ಹುಟ್ಟಲು ಕಾರಣ. ಅನುಭಾವ, ಅಂದರೆ ಅದು ಮೈಮೇಲೆ, ನಡತೆಯಲ್ಲಿ ಕಾಣುವ ರೀತಿ. ಜೊತೆಗೆ ಬಂದು ಹೋಗುವ ಸಣ್ಣ ಭಾವಗಳು ವ್ಯಭಿಚಾರಿಭಾವ. ಇವು ಸೇರಿದರೆ ರಸ ತಾನಾಗಿ ಬರುತ್ತದೆ. ನಮ್ಮ ಕತೆಯಲ್ಲಿ ಮಾಡಿ ನೋಡೋಣ. "ಮನೆಗೆ ಬಂದ ದೇವುವಿಗೆ ತಪ್ಪಿತಸ್ಥ ಭಾವ ಕಾಡಿತು" ಅನ್ನುವ ಸಾಲು ತೆಗೆದುಹಾಕಿ ಹೀಗೆ ಬರೆಯಬಹುದು:

"ಅಮ್ಮ ಬಾಗಿಲಲ್ಲೇ ಕೇಳಿದಳು, ನಾಗವೇಣಿ ಬಂದ್ಳಾ?

ದೋಣಿಯಲ್ಲಿ ಇರ್ಲಿಲ್ಲ ಅಂದ.

ಕೈಕಾಲು ತೊಳೆದ. ಊಟಕ್ಕೆ ಕೂತ. ಬಂಗುಡೆ ಸಾರು ಹಾಗೇ ಇತ್ತು. ದಣಪೆ ಸದ್ದಾದ ಹಾಗಾಗಿ ಎರಡು ಸಲ ಎದ್ದು ನೋಡಿದ."

"ದೋಣಿಯಲ್ಲಿ ಇರ್ಲಿಲ್ಲ" ಅನ್ನುವುದು ನಿಜ. ಅವಳು ದೋಣಿಯಲ್ಲಿ ಇರಲಿಲ್ಲ ತಾನೇ? ಆ ನಿಜದ ಹಿಂದೆ ಅವನು ಅಡಗಿಕೊಂಡದ್ದು ಓದುಗರಿಗೆ ತಿಳಿಯುತ್ತದೆ. ತಪ್ಪಿತಸ್ಥ ಭಾವ ಅನ್ನುವ ಶಬ್ದದ ಅಗತ್ಯವೇ ಇಲ್ಲ.

ಏಳನೆಯದು: ಸಂಭಾಷಣೆ

ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಮಾತಿನ ಶಕ್ತಿ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಆದರೆ ಅಲ್ಲಿ ಪಾತ್ರ ತನ್ನ ವಾದವನ್ನೆಲ್ಲ ಬಿಡಿಸಿ ಹೇಳಬೇಕು, ಅದೇ ಅದರ ಸೊಗಸು. ಸಣ್ಣ ಕತೆಯಲ್ಲಿ ಉಲ್ಟಾ. ಜನ ನಿಜ ಜೀವನದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ ಅಲ್ವಾ, ಕತೆಯಲ್ಲೂ ಹಾಗೇ ಮಾತಾಡಲಿ.

ಮಾರನೇ ದಿನ ಬೆಳಿಗ್ಗೆ ತದಡಿಯ ಧಕ್ಕೆಯಲ್ಲಿ ಇಬ್ಬರೂ ಎದುರಾಗುತ್ತಾರೆ. ಕೆಟ್ಟದಾಗಿ ಬರೆದರೆ ಹೀಗಿರುತ್ತದೆ:

"ಅತ್ತಿಗೆ, ನೀವು ನಮ್ಮ ಗಜನಿ ಗದ್ದೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದೀರಿ ಅಂತ ನನಗೆ ಸಿಟ್ಟು. ಅದಕ್ಕೇ ನಿನ್ನೆ ದೋಣಿ ನಿಲ್ಲಿಸಲಿಲ್ಲ."

ಈಗ ಇದನ್ನು ಓದಿ:

"ನಿನ್ನೆ ಎಷ್ಟೊತ್ತಿಗೆ ಮುಟ್ಟಿದ್ರಿ ಅತ್ತಿಗೆ?"

"ಹತ್ತಾಯ್ತು. ಗೋಕರ್ಣದ ಮೇಲೆ ಬಂದೆ."

"ಬಸ್ ಇತ್ತಾ?"

"ಮಾದನಗೇರಿವರೆಗೆ ಇತ್ತು."

ದೇವು ಹಗ್ಗ ಬಿಚ್ಚಿದ. "ಹತ್ರಿ."

"ನನ್ ಹತ್ರ ಚಿಲ್ಲರೆ ಇಲ್ಲ ಇವತ್ತು."

"ಅಣ್ಣ ಇದ್ದಾಗ ಯಾವತ್ತಾದ್ರೂ ತಗೊಂಡಿದ್ನಾ ನಾನು?"

ಗದ್ದೆ ಅನ್ನುವ ಮಾತು ಒಮ್ಮೆಯೂ ಬಂದಿಲ್ಲ. ಬಸ್ಸು, ಚಿಲ್ಲರೆ ಅಷ್ಟೇ. ಆದರೆ ಕೊನೆಯ ಸಾಲಿನಲ್ಲಿ ಅಣ್ಣ ಬಂದ. ಅಣ್ಣ ಇದ್ದಾಗಿನ ಸಂಬಂಧ ಈಗ ಇದೆಯಾ ಇಲ್ಲವಾ ಅನ್ನುವುದೇ ಇಬ್ಬರ ನಡುವಿನ ಜಗಳ, ಅದು ದೋಣಿ ಬಾಡಿಗೆಯ ನೆಪದಲ್ಲಿ ಹೊರಗೆ ಬಂತು. ಸಂಭಾಷಣೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಪಾತ್ರಗಳು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಅವುಗಳಲ್ಲಿ ಒಂದನ್ನು ಉಳಿಸಿ, ಉಳಿದವನ್ನು ತೆಗೆಯಿರಿ.

ಆಡುಮಾತಿನ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಹವ್ಯಕರ ಮಾತು ಬೇರೆ, ನಾಡವರದ್ದು ಬೇರೆ, ಹಾಲಕ್ಕಿಗಳದ್ದು ಬೇರೆ, ಕಾರವಾರದ ಕಡೆ ಕೊಂಕಣಿ ಬೆರೆತ ಕನ್ನಡ ಬೇರೆ. ನೀವು ಮನೆಯಲ್ಲಿ ಕೇಳಿ ಬೆಳೆದ ಮಾತನ್ನು ಧೈರ್ಯವಾಗಿ ಬಳಸಿ. ಕೇಳಿ ಗೊತ್ತಿಲ್ಲದ ಮಾತನ್ನು ಅಂದಾಜಿನ ಮೇಲೆ ಬರೆಯಬೇಡಿ. ಒಂದು ಜನರ ಮಾತನ್ನು ತಪ್ಪಾಗಿ ಬರೆದರೆ ಅವರಿಗೆ ಅದು ಅಣಕದ ಹಾಗೆ ಕೇಳುತ್ತದೆ.

ಎಂಟನೆಯದು: ಧ್ವನಿ, ಸಂಕೇತ, ರೂಪಕ

ಇವುಗಳಲ್ಲಿ ಧ್ವನಿಯೊಂದು ಅರ್ಥವಾದರೆ ಉಳಿದವು ಸುಲಭ. ಹಳೆಯ ಶಾಸ್ತ್ರಕಾರರು ಕೊಡುವ ಉದಾಹರಣೆ ನಮ್ಮ ನದಿ ದಡದ ಕತೆಗೆ ಹೇಳಿ ಮಾಡಿಸಿದಂತಿದೆ: "ಗಂಗೆಯ ಮೇಲೆ ಹಳ್ಳಿ". ಶಬ್ದದ ನೇರ ಅರ್ಥ ಅಭಿಧಾ. ಆದರೆ ನೀರಿನ ಮೇಲೆ ಹಳ್ಳಿ ಇರಲು ಸಾಧ್ಯವಿಲ್ಲ. ಆದ್ದರಿಂದ ದಡದ ಮೇಲೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ, ಅದು ಲಕ್ಷಣಾ. ಹಾಗಾದರೆ ದಡ ಅಂತಲೇ ಹೇಳಬಹುದಿತ್ತಲ್ಲ, ಗಂಗೆ ಅಂತ ಯಾಕೆ ಹೇಳಿದರು? ಗಂಗೆಯ ತಂಪು, ಪಾವಿತ್ರ್ಯ ಆ ಹಳ್ಳಿಗೂ ಇದೆ ಅಂತ ಸೂಚಿಸಲು. ಅದು ವ್ಯಂಜನಾ. ಹೀಗೆ ಹೇಳದೇ ಹೊಳೆಯುವ ಅರ್ಥವೇ ಮೇಲುಗೈ ಆದಾಗ ಅದು ಧ್ವನಿ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಇದನ್ನೇ ಕಾವ್ಯದ ಆತ್ಮ ಅಂದ.

ಮೇಲಿನ "ಅಣ್ಣ ಇದ್ದಾಗ" ಅನ್ನುವ ಸಾಲನ್ನು ಇನ್ನೊಮ್ಮೆ ನೋಡಿ. ನೇರ ಅರ್ಥ ಬಾಡಿಗೆ ಬೇಡ ಅಂತ. ಹೊಳೆಯುವ ಅರ್ಥಗಳು ಎರಡು ಮೂರು ಇವೆ, ಒಬ್ಬೊಬ್ಬರಿಗೆ ಒಂದೊಂದು ಹೊಳೆಯಬಹುದು.

ಸಂಕೇತವನ್ನು ಮೊದಲೇ ತೀರ್ಮಾನ ಮಾಡಿ ತಂದಿಡಬೇಡಿ. "ಹಗ್ಗ ಸಂಬಂಧದ ಸಂಕೇತ" ಅಂತ ಯೋಚಿಸಿ ಹಗ್ಗ ತಂದರೆ ಅದು ಸತ್ತಂತೆ ಬಿದ್ದಿರುತ್ತದೆ. ದೋಣಿ ಇದೆ ಅಂದ ಮೇಲೆ ಹಗ್ಗ ಇರಲೇಬೇಕು. ಅದನ್ನು ಎಳೆಯುವುದು, ಬಿಚ್ಚುವುದು, ಕಟ್ಟುವುದು ಸರಿಯಾಗಿ ಬಂದರೆ ಸಂಕೇತವಾಗುವುದಾದರೆ ಆಗುತ್ತದೆ. ಉಪಮೆ ಅಂದರೆ "ಹಾಗೆ" ಅಂತ ಹೋಲಿಸುವುದು, ರೂಪಕ ಅಂದರೆ ಅದೇ ಇದು ಅಂದುಬಿಡುವುದು. ಎರಡನ್ನೂ ಕಡಿಮೆ ಬಳಸಿ.

ಒಂಬತ್ತನೆಯದು: ಮುನ್ಸೂಚನೆ, ತಿರುವು, ಕೊನೆ

ಗ್ರೀಸಿನ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳುತ್ತಾ ಎರಡು ಪದ ಬಳಸುತ್ತಾನೆ. ಒಂದು, ಪರಿಸ್ಥಿತಿ ತಲೆಕೆಳಗಾಗುವುದು. ಇನ್ನೊಂದು, ಗೊತ್ತಿಲ್ಲದ್ದು ಗೊತ್ತಾಗುವುದು. ಎರಡೂ ಒಟ್ಟಿಗೆ ಆದರೆ ಪರಿಣಾಮ ಜಾಸ್ತಿ ಅನ್ನುತ್ತಾನೆ. ನಮ್ಮ ಸಣ್ಣ ದೋಣಿ ಕತೆಗೂ ಇದು ಹೊಂದುತ್ತದೆ.

ನಾಗವೇಣಿಯ ಪ್ಲಾಸ್ಟಿಕ್ ಕವರಿನಲ್ಲಿರುವ ಅರ್ಜಿಯಲ್ಲಿ ಇಬ್ಬರ ಹೆಸರೂ ಇದೆ ಅಂತಿಟ್ಟುಕೊಳ್ಳಿ. ತನ್ನದು, ದೇವುವಿನದು. ಕತೆಯ ಕೊನೆ ಹೊತ್ತಿಗೆ ದೇವುವಿಗೆ ಇದು ಗೊತ್ತಾಗುತ್ತದೆ. ಆದರೆ ಹೀಗೆ ಏಕಾಏಕಿ ತಂದರೆ ಓದುಗರು "ಇದು ಲೇಖಕರ ಕೈವಾಡ" ಅನ್ನುತ್ತಾರೆ. ಮುನ್ಸೂಚನೆ ಬೇಕು. ಕತೆಯ ಮೊದಲಲ್ಲೇ, ಇಂಜಿನ್ ಚಾಲೂ ಆಗುವ ಮುಂಚೆ, ದೇವು ನೆನಪು ಮಾಡಿಕೊಳ್ಳಲಿ: ಹೋದ ವಾರ ಅತ್ತಿಗೆ ಅವನ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದ್ದಳು, ಅವನು ಕೊಟ್ಟಿರಲಿಲ್ಲ, ತನ್ನ ಸಹಿಯಿಲ್ಲದೆ ಏನೋ ಮಾಡಿಸಿಕೊಳ್ಳಲು ಕೇಳುತ್ತಿದ್ದಾಳೆ ಅಂತ ಹೆದರಿದ್ದ. ಆಗ ಓದುಗರೂ ಅವನ ಗುಮಾನಿಯನ್ನೇ ನಂಬುತ್ತಾರೆ. ಕೊನೆಯಲ್ಲಿ ಅದೇ ಜೆರಾಕ್ಸಿನ ಅರ್ಥ ತಿರುಗುತ್ತದೆ. ಅವನ ಹೆಸರು ಸೇರಿಸಲಿಕ್ಕೇ ಅವಳು ಕೇಳಿದ್ದಳು. ಅವನು ಕೊಡದೇ ಇದ್ದದ್ದರಿಂದಲೇ ಕೆಲಸ ಆಗದೆ ಅವಳು ಸಂಜೆವರೆಗೆ ಕುಮಟೆಯಲ್ಲಿ ಕಾಯಬೇಕಾಯಿತು, ಅದಕ್ಕೇ ಕೊನೆಯ ದೋಣಿಗೆ ಓಡಬೇಕಾಯಿತು. ನೋಡಿ, "ಅದಕ್ಕೇ" ಮತ್ತೆ ಬಂತು. ಈ ಸಲ ಎಳೆ ಅವನಿಂದಲೇ ಹೊರಟು ಅವನಿಗೇ ಬಂದು ಮುಟ್ಟಿತು.

ಇಲ್ಲಿಗೆ ನಿಲ್ಲಿಸಿ. ದೇವು ಅತ್ತಿಗೆಯ ಕಾಲು ಹಿಡಿದು ಅಳುವುದು ಬೇಡ. ಮನುಷ್ಯ ಆಸ್ತಿಯ ಹಿಂದೆ ಹೋಗಿ ಸಂಬಂಧ ಕಳೆದುಕೊಳ್ಳುತ್ತಾನೆ ಅನ್ನುವ ಸಾಲೂ ಬೇಡ. ಅದೇ ಕಥಾವಸ್ತು, ನಿಜ. ಶುರುವಿನಲ್ಲಿ ಹುಡುಕಬೇಡಿ ಅಂದಿದ್ದೆನಲ್ಲ, ಅದು ಇಲ್ಲಿ ತಾನಾಗಿ ಬಂದಿದೆ. ಅದನ್ನು ಓದುಗರು ಹೇಳಿಕೊಳ್ಳಲಿ, ನೀವು ಹೇಳಬೇಡಿ.

ಹತ್ತನೆಯದು: ದೂರ ಇಡಿ, ಆಮೇಲೆ ತಿದ್ದಿ

ರವೀಂದ್ರನಾಥ ಟಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದು ಕವಿತೆ ಬರೆದರು. ಮುಂದೆ ತಮ್ಮ ನೆನಪುಗಳನ್ನು ಬರೆಯುವಾಗ ಆ ಕವಿತೆಯ ವಿಷಯ ಬಂದಾಗ, ಭಾವನೆಯಲ್ಲಿ ಮುಳುಗಿರುವಾಗ ಬರೆದದ್ದು ಒಳ್ಳೆಯದಾಗಿರುತ್ತದೆ ಅಂತಿಲ್ಲ, ಬಣ್ಣ ಹಚ್ಚಲು ನೆನಪೇ ಒಳ್ಳೆಯ ಕುಂಚ ಅನ್ನುವ ಅರ್ಥದ ಮಾತು ಹೇಳಿದರು. 1928ರಲ್ಲಿ ನಮ್ಮ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಕತೆಗಾರ ಯಶವಂತ ಚಿತ್ತಾಲರು ಬದುಕಿನ ಬಹುಭಾಗ ಮುಂಬೈಯಲ್ಲಿ ಕಳೆದರೂ ಮತ್ತೆ ಮತ್ತೆ ಹನೇಹಳ್ಳಿಯ ಕತೆಗಳನ್ನೇ ಬರೆದರು. ನಿಮಗೆ ಅಷ್ಟು ದೂರ ಹೋಗಲು ಆಗದಿದ್ದರೆ ಕರಡನ್ನು ಒಂದೆರಡು ವಾರ ಪೆಟ್ಟಿಗೆಯಲ್ಲಿಟ್ಟು ಮರೆಯಿರಿ. ಸಾಕಾಗುತ್ತದೆ.

ಆಮೇಲೆ ತೆಗೆದು ಜೋರಾಗಿ ಓದಿ. ನಾಲಗೆ ತಡವರಿಸಿದ ಜಾಗದಲ್ಲಿ ಗುರುತು ಹಾಕಿ. ಇನ್ನೊಬ್ಬರಿಗೂ ಓದಿ ಹೇಳಿ, ಸಾಧ್ಯವಾದರೆ ಆ ಕೆಲಸ ಗೊತ್ತಿರುವವರಿಗೆ. ದೋಣಿ ಕತೆಯಾದರೆ ದೋಣಿ ನಡೆಸುವವರಿಗೆ, ಕೊನೆ ಕೊಯ್ಲಿನ ಕತೆಯಾದರೆ ತೋಟದವರಿಗೆ. "ಹೇಗಿದೆ?" ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಾರೆ. "ಇದರಲ್ಲಿ ಯಾರು ಮಾಡಿದ್ದು ತಪ್ಪು?" ಅಂತ ಕೇಳಿ. ಕೇಳಿದವರು ತಟ್ಟನೆ ಒಬ್ಬರ ಹೆಸರು ಹೇಳಿದರೆ ಪಾತ್ರಗಳು ಇನ್ನೂ ತೆಳುವಾಗಿವೆ. ಸ್ವಲ್ಪ ಯೋಚಿಸಿ "ಅವನದ್ದೇ ತಪ್ಪು, ಆದ್ರೆ..." ಅಂದರೆ ಕತೆ ದಾರಿಗೆ ಬಂದಿದೆ.

ಕತೆಯ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಮೊದಲು ಹೊಳೆಯುವುದು "ಕೊನೆಯ ದೋಣಿ". ಅದು ಚೆನ್ನಾಗಿ ಕೇಳುತ್ತದೆ, ಆದರೆ ಕತೆ ಓದುವ ಮುಂಚೆಯೇ ಬೇಸರದ ರಾಗ ಎತ್ತಿಬಿಡುತ್ತದೆ. ನಾನಾದರೆ "ಜೆರಾಕ್ಸ್" ಅಂತ ಇಡುತ್ತೇನೆ. ಓದುವ ಮುಂಚೆ ಅದು ಏನನ್ನೂ ಬಿಟ್ಟುಕೊಡುವುದಿಲ್ಲ, ಓದಿ ಮುಗಿಸಿದವರು ಅದನ್ನು ಇನ್ನೊಮ್ಮೆ ನೋಡುತ್ತಾರೆ.